ರಾಗಿ ಬೀರು ಮತ್ತು ಕಸುಬಿನ ಪ್ರಶ್ನೆ

ದಲಿತ ವಿಮರ್ಶೆ ಅಂದರೆ ದಲಿತರು ಬರೆದ ಕತೆ, ಕವಿತೆ, ಆತ್ಮಕತೆಗಳ ವಿಮರ್ಶೆ ಎಂಬ ತಿಳುವಳಿಕೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಸೆಮಿನಾರುಗಳಲ್ಲಿ ನಮಗೆ ಕೊಡುವ ವಿಷಯವೂ ಅದೇ. ಪಂಪನನ್ನು, ಕುಮಾರವ್ಯಾಸನನ್ನು ಬೇರೆಯವರು ಓದುತ್ತಾರೆ, ಕೇರಿಯ ಕತೆ ಕೇರಿಯವನ ಪಾಲಿಗೆ. ಈ ಹಂಚಿಕೆಯೇ ಒಂದು ಜಾತಿಪದ್ಧತಿ. ನಮಗೊಂದು ನೋಟ ಇದೆ ಅನ್ನುವುದಾದರೆ ಅದು ನಮ್ಮದಲ್ಲದ ಪಠ್ಯಗಳ ಮೇಲೂ ಬೀಳಬೇಕು. ಹಾಗಾಗಿ ಈ ಸಂಚಿಕೆಗೆ ನಾನು ಆರಿಸಿಕೊಂಡಿರುವ ಪಠ್ಯ ಬೆಂಗಳೂರಿನ ಒಂದು ಪುಟ್ಟ ಬ್ರೂ ಪಬ್ಬಿನ ಬೀರುಗಳ ಕಾರ್ಡು. ನಗುವವರು ನಗಲಿ. ಹಳ್ಳಿ, ಬೆಳೆ, ಕಾಲ, ಕೈಕೆಲಸ ಇವುಗಳ ಬಗ್ಗೆ ಇವತ್ತಿನ ನಗರದ ಮಧ್ಯಮವರ್ಗ ಏನು ಕನಸು ಕಾಣುತ್ತಿದೆ ಅನ್ನುವುದು ಈಚಿನ ಎಷ್ಟೋ ಕಾದಂಬರಿಗಳಿಗಿಂತ ಈ ಒಂದು ಹಾಳೆಯಲ್ಲಿ ಸ್ಪಷ್ಟವಾಗಿದೆ.

ಮೇಲೆ ವರ್ಷವಿಡೀ ಸಿಗುವ ನಾಲ್ಕು ಬೀರುಗಳು. ಕೆಳಗೆ 'ಸೀಸನಲ್' ಅಂತ ಬರೆದು ಆಯಾ ಕಾಲಕ್ಕೆ ಒಂದೋ ಎರಡೋ. ಬೇಸಿಗೆಗೆ ಮಾವು, ಮಳೆ ಹಿಡಿಯೋ ಹೊತ್ತಿಗೆ ಹಲಸು, ಸುಗ್ಗಿ ಮುಗಿದ ಮೇಲೆ ರಾಗಿ, ಚಳಿಗೆ ಕಾಫಿ ಬೀಜ ಹಾಕಿದ ಕಪ್ಪು ಬೀರು. ಮಾಡುವುದು ಒಂದೊಂದು ಟ್ಯಾಂಕು ಮಾತ್ರ, ಅದು ಖಾಲಿಯಾದರೆ ಮುಂದಿನ ವರ್ಷವೇ. ಪ್ರತಿ ಹೆಸರಿನ ಕೆಳಗೂ ಎರಡು ಸಾಲಿನ ವರ್ಣನೆ. ಮಾವು ಯಾವ ತಳಿ, ಕಾಫಿ ಯಾವ ಎಸ್ಟೇಟಿನದು, ಬೀರು ಮಾಡಿದವನ ಹೆಸರೇನು, ಎಲ್ಲ ಇದೆ. ಒಂದು ಗ್ಲಾಸಿನ ಬೆಲೆ ನಾನೂರರ ಹತ್ತಿರ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಈ ಹೋಲಿಕೆ ಸುಲಭದ್ದು, ಭಾಷಣಕ್ಕೆ ಚೆನ್ನಾಗಿರುತ್ತೆ. ಇಲ್ಲಿಗೇ ಬಿಡುತ್ತೇನೆ. ನನ್ನ ಗಮನ ಇರುವುದು ಆ ಕಾರ್ಡಿನ ಭಾಷೆಯ ಮೇಲೆ.

ಸೀಸನ್ ಎನ್ನುವ ಮಾತು ನಮ್ಮವರ ಬಾಯಲ್ಲೂ ಇದೆ. 'ಸೀಸನ್‌ಗೆ ಹೋಗವ್ರೆ' ಅಂದರೆ ಮನೆಗೆ ಬೀಗ ಹಾಕಿ, ಮಕ್ಕಳನ್ನ ಸ್ಕೂಲು ಬಿಡಿಸಿ, ಕಾಫಿ ಕೊಯ್ಲಿಗೆ ಹೋಗಿದ್ದಾರೆ ಅಂತ ಅರ್ಥ. ನವೆಂಬರಿನಿಂದ ಅರೇಬಿಕಾ, ಹೊಸ ವರ್ಷ ಹುಟ್ಟಿದ ಮೇಲೆ ರೊಬಸ್ಟಾ. ಕಾರ್ಡಿನ ಸೀಸನ್ನಿಗೂ ನಮ್ಮ ಸೀಸನ್ನಿಗೂ ತಿಂಗಳು ಒಂದೇ. ಕುಡಿಯುವವನಿಗೆ ಅದು ರುಚಿಯ ಬದಲಾವಣೆ, ಕೊಯ್ಯುವವಳಿಗೆ ಕೂಲಿ ಇರುವ ತಿಂಗಳು ಮತ್ತು ಇಲ್ಲದ ತಿಂಗಳು. ಎಸ್ಟೇಟಿನ ಹೆಸರನ್ನು ಅಷ್ಟು ಪ್ರೀತಿಯಿಂದ ಅಚ್ಚು ಹಾಕಿಸಿದವರು ಎಸ್ಟೇಟಿನೊಳಗಿನ ಲೈನ್ ಮನೆಗಳ ಬಗ್ಗೆ ಒಂದಕ್ಷರ ಬರೆದಿಲ್ಲ. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಅವರಲ್ಲಿ ಎಷ್ಟೋ ಜನ ಇಂಥ ಲೈನ್ ಮನೆಗಳ ಜೀತದಿಂದ ಹೊರಗೆ ಬಂದು ಸ್ವಂತ ಸೂರು ಕೇಳಿದವರು. ಬೀರಿನ ಕಾರ್ಡಿನಲ್ಲಿ ಇದನ್ನೆಲ್ಲ ಬರೆಯೋಕಾಗುತ್ತಾ ಅಂತ ಕೇಳಬಹುದು. ಆಗೋದಿಲ್ಲ. ಆದರೆ ಎಸ್ಟೇಟಿನ ಮಣ್ಣಿನ ಗುಣ, ಎತ್ತರ, ನೆರಳಿನ ಮರ ಇಷ್ಟನ್ನೆಲ್ಲ ಬರೆಯುವಷ್ಟು ಜಾಗ ಅದರಲ್ಲಿದೆ.

ಬೀರುಗಳ ಬಗ್ಗೆ ಏನೂ ಹೇಳದೆ ಬರೀ ಸಮಾಜಶಾಸ್ತ್ರ ಹೇಳಿದರೆ ಅದು ವಿಮರ್ಶೆ ಆಗುವುದಿಲ್ಲ. ನಾನು ಕುಡಿದು ನೋಡಿದ್ದೇನೆ. ಮೇಷ್ಟ್ರು ಇದನ್ನೆಲ್ಲ ಬರೀತಾರಾ ಅಂತ ಹುಬ್ಬೇರಿಸುವವರಿಗೆ ಒಂದು ಮಾತು: ಕನ್ನಡ ಸಾಹಿತ್ಯದ ಅತ್ಯಂತ ಪ್ರೀತಿಯ ಕುಡುಕ ರತ್ನನನ್ನು ಸೃಷ್ಟಿಸಿದ ರಾಜರತ್ನಂ ಹೆಂಡ ಮುಟ್ಟದ ಮೇಷ್ಟ್ರು. ಮುಟ್ಟದೆ ಬರೆಯುವುದಕ್ಕಿಂತ ಮುಟ್ಟಿ ಬರೆಯುವುದು ನಮ್ಮ ಪರಂಪರೆಗೆ ಹತ್ತಿರ. ಕಾಫಿ ಬೀರು ಚೆನ್ನಾಗಿದೆ, ಹುರಿದ ಬಾರ್ಲಿಯ ಕಹಿಗೂ ಕಾಫಿಯ ಕಹಿಗೂ ನೆಂಟಸ್ತನ ಇದೆ. ಹಲಸಿನದು ಮೂಗಿಗೆ ಬಂದಷ್ಟು ನಾಲಿಗೆಗೆ ಬರಲಿಲ್ಲ. ಮಾವಿನದು ಅಂತೂ ನಿರಾಶೆ. ಇದಕ್ಕೆ ಕಾರಣ ಇದೆ. ಹಣ್ಣಿನ ತಿರುಳನ್ನು ಹುದುಗುವ ಬೀರಿಗೆ ಹಾಕಿದರೆ ಅದರ ಸಕ್ಕರೆಯನ್ನು ಯೀಸ್ಟು ತಿಂದುಬಿಡುತ್ತದೆ. ಸಿಹಿ ಹೋಗುತ್ತದೆ, ಹುಳಿ ಮತ್ತು ಒಂದಿಷ್ಟು ವಾಸನೆ ಉಳಿಯುತ್ತದೆ. ಮಾವು ಇದೆ ಅಂತ ಕಾರ್ಡು ಹೇಳಿದ್ದರಿಂದ ನಾಲಿಗೆ ಮಾವನ್ನು ಹುಡುಕುತ್ತದೆ. ನಮ್ಮ ದೇಸಿವಾದಿಗಳ ಬರವಣಿಗೆಯಲ್ಲಿ ಹಳ್ಳಿ ಇರುವುದೂ ಹೆಚ್ಚುಕಡಿಮೆ ಹೀಗೇ.

ರಾಗಿ ಬೀರಿನದು ಬೇರೆ ಕತೆ. ಅದು ಆ ಕಾರ್ಡಿನಲ್ಲಿ ಇರುವುದರಲ್ಲೆಲ್ಲ ಒಳ್ಳೆಯದು, ಮತ್ತು ಅತ್ಯಂತ ಸಮಸ್ಯಾತ್ಮಕವಾದದ್ದು. ಬೀರು ಮಾಡುವ ರೀತಿ ಸರಳ. ಧಾನ್ಯವನ್ನು ನೆನೆಸಿ ಮೊಳಕೆ ಬರಿಸಬೇಕು, ಒಣಗಿಸಿ ಒಡೆಯಬೇಕು, ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಬಿಡಬೇಕು. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟು ಹಾಕಿದರೆ ಒಂದೆರಡು ವಾರದಲ್ಲಿ ಬೀರು. ಇದರ ಮೊದಲ ಅರ್ಧ ನಮ್ಮ ಅವ್ವಂದಿರಿಗೆ ಗೊತ್ತಿಲ್ಲದ್ದೇನಲ್ಲ. ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಕೂಸಿಗೆ ಸರಿ ಕಾಯಿಸುವಾಗ ಅವರು ಮಾಡುತ್ತಿದ್ದದ್ದು ಇದೇ ಮಾಲ್ಟು. ಕಿರುಧಾನ್ಯಗಳಲ್ಲೆಲ್ಲ ರಾಗಿಯ ಮೊಳಕೆಗೆ ಈ ಶಕ್ತಿ ಹೆಚ್ಚು, ಮೈಸೂರಿನ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಈ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈ ಪಬ್ಬಿನ ರಾಗಿ ಬೀರು ಪೂರ್ತಿ ರಾಗಿಯದೇನಲ್ಲ, ತಳ ಬಾರ್ಲಿಯದೇ. ಹಾಪ್ಸ್ ಹಡಗಿನಲ್ಲಿ ಬಂದದ್ದು. ಆದರೂ ಕೊನೆಯ ಗುಟುಕಿನಲ್ಲಿ ಒಂದು ಮಣ್ಣಿನ ಒಗರು ಇದೆ. ಅದು ರಾಗಿಯದು ಅಂತ ಹೇಳಿಕೊಡಬೇಕಾಗಿಲ್ಲ.

ರಾಗಿಗೆ ಈ ಮರ್ಯಾದೆ ಬಂದದ್ದು ಸುಮ್ಮನೆ ಅಲ್ಲ. ತೃಣಧಾನ್ಯ ಅನ್ನಿಸಿಕೊಂಡಿದ್ದದ್ದು ಸಿರಿಧಾನ್ಯ ಆಯಿತು. ಭಾರತದ ಒತ್ತಾಸೆಯ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿತು. ಇದಕ್ಕಿಂತ ಎಷ್ಟೋ ಶತಮಾನ ಮೊದಲೇ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಅಕ್ಕಿ ರಾಗಿಗಳ ಜಗಳ ಹೂಡಿದ್ದರು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಅಕ್ಕಿ ಹಾಳಾಯಿತು, ರಾಗಿ ತಾಳಿತು, ರಾಮ ರಾಗಿಗೆ ತನ್ನ ಹೆಸರೇ ಕೊಟ್ಟ. ಬೆಂಗಳೂರಿನ ಪಬ್ಬುಗಳಲ್ಲಿ ಈ ಜಗಳ ಮುಂದುವರಿದಿದೆ ಅಂತ ತಮಾಷೆಗೆ ಹೇಳಬಹುದು, ಒಂದು ಪ್ರಸಿದ್ಧ ಬ್ರೂ ಪಬ್ಬಿನಲ್ಲಿ ಬಾಸ್ಮತಿ ಅಕ್ಕಿಯ ಬೀರೂ ಇದೆ! ಆದರೆ ಕನಕದಾಸರ ರಾಗಿಗೂ ಈ ರಾಗಿಗೂ ಒಂದು ವ್ಯತ್ಯಾಸ ಇದೆ. ಅಲ್ಲಿ ರಾಗಿಯ ಬಾಯಲ್ಲಿ ಮಾತಾಡಿದ್ದು ಬಡವರು, ಮಳೆ ಬೀಳದ ಸೀಮೆಯವರು. ರಾಗಿ ಗೆದ್ದರೆ ಅದನ್ನು ತಿನ್ನುವವರ ಮಾನವೂ ಗೆದ್ದಂತೆ. ಇಲ್ಲಿ ಧಾನ್ಯಕ್ಕೆ ಪದೋನ್ನತಿ ಸಿಕ್ಕಿತು, ಅದನ್ನು ತಿಂದು ಬದುಕಿದವರು ಇದ್ದಲ್ಲೇ ಇದ್ದಾರೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಬೀರುಗಳಿಗೆ ಕ್ರಾಫ್ಟ್ ಬೀರು ಅಂತ ಹೆಸರು. ಕ್ರಾಫ್ಟ್‌ಗೆ ಕನ್ನಡದಲ್ಲಿ ಕುಶಲಕಲೆ ಅಂತ ಪಠ್ಯಪುಸ್ತಕ ಹೇಳುತ್ತೆ. ಬೀದಿಯಲ್ಲಿ ಅದಕ್ಕಿರುವ ಮಾತು ಕಸುಬು. ಕಸುಬು ಅಂದ ತಕ್ಷಣ ನಮ್ಮ ಮನಸ್ಸಿಗೆ ಬರುವುದು ಏನು? ಜಾತಿ. ಯಾವ ಕಸುಬಿನವರು ನೀವು ಅಂತ ಊರಲ್ಲಿ ಕೇಳಿದರೆ ಯಾವ ಜಾತಿ ಅಂತ ಕೇಳಿದ ಹಾಗೆ. ಈ ಪಬ್ಬಿನ ಯಜಮಾನ ಇಂಜಿನಿಯರು, ಸಾಫ್ಟ್‌ವೇರ್ ಬಿಟ್ಟು ಈ ಕಸುಬಿಗೆ ಬಂದವನು. ಗೋಡೆಯ ಮೇಲೆ ಅವನ ಕತೆಯನ್ನ ಚೆಂದವಾಗಿ ಬರೆಸಿದ್ದಾರೆ: ಕಂಪ್ಯೂಟರ್ ಬಿಟ್ಟು ಕೈಕೆಲಸಕ್ಕೆ, ಲಾಭ ಬಿಟ್ಟು ಪ್ರೀತಿಗೆ. ಅವನ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ, ಬೀರು ಕುಡಿದವನಿಗೆ ಅದು ಗೊತ್ತಾಗುತ್ತೆ. ನಾನು ಹೇಳುವುದು ಇಷ್ಟು: ಒಬ್ಬ ಮನುಷ್ಯ ಕಸುಬನ್ನು ಪ್ರೀತಿಸಬೇಕಾದರೆ ಅದನ್ನು ಹಿಡಿಯಲೂ ಬಿಡಲೂ ಅವನಿಗೆ ಸ್ವಾತಂತ್ರ್ಯ ಇರಬೇಕು. ಚರ್ಮ ಹದ ಮಾಡುವವನಿಗೆ, ತಮಟೆ ಬಡಿಯುವವನಿಗೆ, ಬುಟ್ಟಿ ಹೆಣೆಯುವವಳಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಜಾತಿ ಎನ್ನುವುದು ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ಇಂಜಿನಿಯರು ಕಸುಬಿಗೆ ಇಳಿದರೆ ಅದು ತ್ಯಾಗ, ಕಸುಬಿನವನ ಮಗ ಇಂಜಿನಿಯರಾದರೆ ಮೀಸಲಾತಿ! ಎರಡು ಕತೆಯನ್ನೂ ಒಂದೇ ಮಧ್ಯಮವರ್ಗ ಒಂದೇ ಬಾಯಲ್ಲಿ ಹೇಳುತ್ತದೆ.

ಇಲ್ಲಿ ಡಿ.ಆರ್. ನಾಗರಾಜ್ ಅವರನ್ನು ನೆನೆಯಬೇಕು. ದಲಿತ ಚಳವಳಿ ಸಿಟ್ಟಿನ ಭರದಲ್ಲಿ ತನ್ನ ಸಾಂಸ್ಕೃತಿಕ ನೆನಪನ್ನೇ ಕಳೆದುಕೊಳ್ಳಬಾರದು, ಕುಶಲಕರ್ಮಿ ಸಮುದಾಯಗಳ ಜ್ಞಾನದ ನಾಶವನ್ನು ಸುಮ್ಮನೆ ನೋಡುತ್ತಾ ಕೂರಬಾರದು ಎಂಬ ಕಾಳಜಿ ಅವರ ಬರಹಗಳಲ್ಲಿತ್ತು. ಈ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಜ್ಞಾನ ಉಳಿಯಬೇಕು, ನಿಜ. ಆದರೆ ಅದನ್ನು ಉಳಿಸುವ ಹೊರೆ ಯಾಕೆ ಯಾವಾಗಲೂ ನಮ್ಮ ಬೆನ್ನಿಗೇ? ಬೀರಿನವನ ಕಸುಬಿಗೆ ಬ್ಯಾಂಕಿನ ಸಾಲ, ಸರ್ಕಾರದ ಲೈಸೆನ್ಸು, ಇಂಗ್ಲಿಷ್ ಪತ್ರಿಕೆಯಲ್ಲಿ ಅರ್ಧ ಪುಟ ಎಲ್ಲ ಇದೆ. ಹೀಗೆ ಕೊಟ್ಟರೆ ಬುಟ್ಟಿಯೂ ಉಳಿದೀತು.

ಲೈಸೆನ್ಸಿನ ಮಾತು ಬಂತು. ಯಾವುದು ಸಂಸ್ಕೃತಿ, ಯಾವುದು ಅಪರಾಧ ಎಂದು ತೀರ್ಪು ಕೊಡುವ ಎಲ್ಲರಿಗಿಂತ ದೊಡ್ಡ ವಿಮರ್ಶಕ ನಮ್ಮಲ್ಲಿ ಅಬಕಾರಿ ಇಲಾಖೆ. ಬೆಂಗಳೂರಿಗೆ ಬೀರು ಬಂದದ್ದು ದಂಡಿನ ಸೋಲ್ಜರುಗಳಿಗಾಗಿ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಸಣ್ಣ ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆಮೇಲೆ ಅದು ಮಲ್ಯರ ಮನೆತನಕ್ಕೆ ಬಂತು. ಅಂದರೆ ಸಣ್ಣವುಗಳನ್ನು ನುಂಗಿ ಬೆಳೆದದ್ದು ಬೀರಿನ ಚರಿತ್ರೆ. 2010ರ ಆಸುಪಾಸಿನಲ್ಲಿ ಮೈಕ್ರೋಬ್ರೂವರಿಗಳಿಗೆ ದಾರಿ ಬಿಟ್ಟಾಗ ಅದನ್ನು ಮತ್ತೆ ಸಣ್ಣವರ ಕಾಲ ಎಂದು ಕೊಂಡಾಡಿದರು. ಆದರೆ ಇದಕ್ಕೆ ಸ್ವಲ್ಪ ಮೊದಲು, 2004ರಲ್ಲಿ, ಕರಾವಳಿ ಜಿಲ್ಲೆಗಳನ್ನು ಬಿಟ್ಟು ರಾಜ್ಯದ ಬಹುಭಾಗದಲ್ಲಿ ಹೆಂಡ ಇಳಿಸುವುದು ನಿಂತಿತ್ತು. 2007ರ ಜುಲೈ ಒಂದರಿಂದ ಸಾರಾಯಿ ಬಂದ್ ಆಗಿತ್ತು. ಸಾರಾಯಿ ಬಟ್ಟಿ ಇಳಿಸಿದ್ದು, ಬೀರು ಹುದುಗಿಸಿದ್ದು, ಎರಡೂ ಒಂದಲ್ಲ ಅಂತ ಯಾರಾದರೂ ಹೇಳಬಹುದು. ಸರಿ. ಹೆಂಡ? ಅದು ಹುದುಗಿದ್ದೇ, ಅಮಲು ಹೆಚ್ಚುಕಡಿಮೆ ಬೀರಿನಷ್ಟೇ, ಈಚಲು ಮರ ಕೊಟ್ಟ ಕಾಲಕ್ಕೆ ಸಿಗುವಂಥದ್ದು, ಒಂದು ದಿನಕ್ಕಿಂತ ಹೆಚ್ಚು ತಾಳದ್ದು. ಸಣ್ಣ ಪ್ರಮಾಣ, ಸ್ಥಳೀಯ, ಋತುಮಾನದ್ದು: ಕಾರ್ಡಿನ ಮೂರು ವಿಶೇಷಣಗಳೂ ಅದಕ್ಕೆ ಹೊಂದುತ್ತವೆ. ಕ್ಲೋರಲ್ ಹೈಡ್ರೇಟ್ ಬೆರೆಸಿ ಜನರನ್ನು ಹಾಳು ಮಾಡುತ್ತಿದ್ದದ್ದು ನಿಜ. ಬೆರೆಸಿದವರು ಕಂಟ್ರಾಕ್ಟುದಾರರು, ಕಸುಬು ಕಳೆದುಕೊಂಡವರು ಮರ ಹತ್ತುತ್ತಿದ್ದ ಈಡಿಗರು, ಕುಡಿದು ಕೆಟ್ಟರು ಅನ್ನಿಸಿಕೊಂಡವರು ನಾವು. ಇನ್ನೂ ಅಮಲೇರದ ನೀರಾ ಇಳಿಸುವ ಹಕ್ಕು ಕೇಳಿದ್ದಕ್ಕೆ 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ರೈತರ ಮೇಲೆ ಗೋಲಿಬಾರ್ ಆಗಿ ಹೆಣ ಬಿದ್ದವು. ಮೈಕ್ರೋಬ್ರೂವರಿ ಲೈಸೆನ್ಸು ಕೇಳಿದವರ ಮೇಲೆ ಲಾಠಿ ಎತ್ತಿದ್ದನ್ನೂ ನಾವು ಕೇಳಿಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. ದಕ್ಷಿಣ ಆಫ್ರಿಕಾದ ಕರಿಯ ಹೆಂಗಸರು ತಲೆತಲಾಂತರದಿಂದ ಮನೆಯಲ್ಲಿ ಜೋಳದ ಬೀರು ಮಾಡುತ್ತಿದ್ದರು. 1908ರ ಕಾನೂನಿನ ಬಲದಿಂದ ಡರ್ಬನ್ ನಗರಸಭೆ ಆ ಬೀರು ಮಾಡಿ ಮಾರುವ ಹಕ್ಕನ್ನು ತಾನೇ ವಹಿಸಿಕೊಂಡಿತು. ಹೆಂಗಸರ ಮನೆಯ ಬೀರು ಅಪರಾಧವಾಯಿತು, ನಗರಸಭೆಯ ಬೀರ್ ಹಾಲಿನ ಲಾಭದಿಂದ ಆ ಜನರನ್ನೇ ಹದ್ದುಬಸ್ತಿನಲ್ಲಿಡುವ ಆಡಳಿತ ನಡೆಯಿತು. 1959ರಲ್ಲಿ ಕ್ಯಾಟೊ ಮೇನರಿನ ಹೆಂಗಸರು ಬೀರ್ ಹಾಲುಗಳಿಗೆ ನುಗ್ಗಿ ತಮ್ಮ ಗಂಡಂದಿರನ್ನು ಹೊರಗಟ್ಟಿದರು. ಗಮನಿಸಬೇಕಾದ್ದು ಇದು: ಅವರದು ಕುಡಿತದ ವಿರುದ್ಧದ ಸಿಟ್ಟೂ ಹೌದು, ಕಸುಬು ಕಸಿದುಕೊಂಡದ್ದರ ಸಿಟ್ಟೂ ಹೌದು.

ನಮ್ಮ ಚಳವಳಿಯಲ್ಲಿ ಈ ಎರಡು ಸಿಟ್ಟುಗಳು ಬೇರೆಬೇರೆ ಆಗಿಬಿಟ್ಟಿವೆ. ಈಚೆಗೆ ನನ್ನ ಕೆಲವು ಗೆಳೆಯರು ಹೆಂಡ ನಮ್ಮ ಪರಂಪರೆ, ದ್ಯಾವ್ರಿಗೂ ಇಡ್ತೀವಿ, ಅದನ್ನ ಹೆಮ್ಮೆಯಿಂದ ಹೇಳಿಕೊಳ್ಳಬೇಕು ಅಂತ ವಾದ ಮಾಡುತ್ತಾರೆ. ಬಾಡಿನ ಬಗ್ಗೆ ಹೇಳಿದಷ್ಟು ಸಲೀಸಾಗಿ ಹೆಂಡದ ಬಗ್ಗೆ ಈ ಮಾತು ಹೇಳಲು ನನಗೆ ಬಾಯಿ ಬರೋದಿಲ್ಲ. ಸಾರಾಯಿ ಅಂಗಡಿ ತೆಗೀರಿ, ವಸತಿ ಶಾಲೆ ಕೊಡಿ ಎಂದು ಕೇಳಿದ್ದು ನಮ್ಮದೇ ಸಂಘರ್ಷ ಸಮಿತಿ. ಆ ಶಾಲೆಗಳಲ್ಲಿ ಓದಿದ್ದರಿಂದಲೇ ನನ್ನಂಥವರು ಇವತ್ತು ಲೇಖನ ಬರೀತಿರೋದು. 1992ರಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು ಅಕ್ಷರ ಕಲಿಯೋಕೆ ಕೂತು, ಆ ಪಾಠದಿಂದಲೇ ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಮುಂದಿನ ವರ್ಷ ಆಂಧ್ರ ಸರ್ಕಾರ ಸಾರಾಯಿ ನಿಲ್ಲಿಸಬೇಕಾಯಿತು. 2019ರ ಜನವರಿಯಲ್ಲಿ ನಮ್ಮ ರಾಜ್ಯದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವರ ಪಾದದ ಬೊಬ್ಬೆಗಳ ಮುಂದೆ ಪರಂಪರೆಯ ವಾದ ನಿಲ್ಲುವುದಿಲ್ಲ.

ಹಾಗಂತ ಪಾನನಿಷೇಧ ಅಂತ ಕೂಗಿಬಿಟ್ಟರೆ ಮುಗಿಯಿತೆ? 1951ರ ಪರಿಶಿಷ್ಟ ಜಾತಿಗಳ ಒಕ್ಕೂಟದ ಚುನಾವಣಾ ಪ್ರಣಾಳಿಕೆಯಲ್ಲಿ ಬಾಬಾಸಾಹೇಬರು ಪಾನನಿಷೇಧವನ್ನು ಖಂಡಿಸಿದ್ದರು. ಆ ಆದಾಯ ಜನರ ಏಳಿಗೆಗೆ ಬೇಕು ಎಂಬುದು ಅವರ ಲೆಕ್ಕ. ಗಾಂಧೀವಾದಿಗಳ ಶುದ್ಧೀಕರಣದ ಭಾಷೆ ಅವರಿಗೆ ಹಿಡಿಸುತ್ತಿರಲಿಲ್ಲ. ಕುಡಿತವನ್ನು ಪಾಪ ಅನ್ನುವವರು ಕುಡಿಯುವ ಜಾತಿಗಳನ್ನೂ ಪಾಪಿಗಳನ್ನಾಗಿ ಮಾಡುತ್ತಾರೆ. ದಲಿತ ವಿಮರ್ಶೆ ಈ ಇಕ್ಕಟ್ಟಿನಲ್ಲೇ ನಿಂತು ಮಾತಾಡಬೇಕು. ನನಗನ್ನಿಸುವುದು, ಕುಡಿಯಬೇಕೋ ಬೇಡವೋ ಎನ್ನುವುದನ್ನು ಆ ಹೆಂಗಸರು ತೀರ್ಮಾನಿಸಲಿ. ನಾವು ಕೇಳಬೇಕಾದ್ದು ಮಾಡುವವರು ಯಾರು, ತೊಳೆಯುವವರು ಯಾರು ಅಂತ.

ತೊಳೆಯುವುದು ಅಂದೆ. ಬೀರು ಮಾಡುವವರೇ ಒಪ್ಪುವ ಮಾತು ಇದು: ಈ ಕಸುಬಿನಲ್ಲಿ ಹೆಚ್ಚು ಪಾಲು ತೊಳೆಯುವ ಕೆಲಸ. ಒಂದು ಟ್ಯಾಂಕಿನಲ್ಲಿ ಕಣ್ಣಿಗೆ ಕಾಣದ ಕೊಳೆ ಉಳಿದರೂ ಇಡೀ ಬೀರು ಹುಳಿಯುತ್ತದೆ. ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರು, ಆಮೇಲೆ ಆಸಿಡ್, ಆಮೇಲೆ ಮತ್ತೆ ನೀರು. ಬೆಂದ ಬಾರ್ಲಿಯ ಚರಟವನ್ನು ಹಬೆಯಾಡುತ್ತಿರುವಾಗಲೇ ಸಲಿಕೆಯಿಂದ ಹೊರಗೆ ಎಳೆಯಬೇಕು, ಅದು ಊರಾಚೆಯ ಹಸುಗಳಿಗೆ ಮೇವಾಗಿ ಹೋಗುತ್ತದೆ. ಹುದುಗಿದ ಟ್ಯಾಂಕಿಗೆ ತಲೆ ಹಾಕುವ ಮೊದಲು ಗಾಳಿ ಆಡಲು ಬಿಡಬೇಕು, ತಳದಲ್ಲಿ ಇಂಗಾಲದ ಡೈಆಕ್ಸೈಡ್ ಕೂತಿರುತ್ತದೆ, ಉಸಿರು ಕಟ್ಟಿಸುತ್ತದೆ. ಆ ಟ್ಯಾಂಕಿನ ಬಾಗಿಲಿಗೆ ಮ್ಯಾನ್‌ವೇ ಅಂತ ಹೆಸರು. ನಮಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಪದಕ್ಕೆ ಬಹಳ ಹತ್ತಿರ. ಎರಡೂ ಒಂದೇ ಅಂತ ನಾನು ಹೇಳೋದಿಲ್ಲ, ಇಲ್ಲಿ ಗ್ಲೌಸು ಇದೆ, ಬೂಟು ಇದೆ, ತಿಂಗಳ ಸಂಬಳ ಇದೆ. ಆದರೆ ಬೀರು ಚೆನ್ನಾಗಿರಲು ಕಾರಣವಾದ ಈ ಕೆಲಸ ಯಾವ ಕಾರ್ಡಿನಲ್ಲೂ ಕ್ರಾಫ್ಟ್ ಅನ್ನಿಸಿಕೊಂಡಿಲ್ಲ. 'ಹ್ಯಾಂಡ್ ಕ್ರಾಫ್ಟೆಡ್' ಎಂದು ಬರೆದಿರುವ ಕಡೆ ಬರುವ ಕೈ ಪಾಕ ಬರೆಯುವ ಕೈ.

ದೇವನೂರರ ಒಡಲಾಳದಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿನ್ನುತ್ತಾರೆ. ರುಚಿಯ ಬಗ್ಗೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಬರವಣಿಗೆ ನಾನು ಓದಿಲ್ಲ. ಅಲ್ಲಿ ರುಚಿ, ಹಸಿವು, ಪೊಲೀಸರ ಭ್ರಮೆ ಮೂರೂ ಒಂದೇ ಸಿಪ್ಪೆಯೊಳಗಿವೆ. ಪಬ್ಬಿನಲ್ಲಿ ಬೀರಿನ ಜೊತೆ ಮಸಾಲೆ ಕಡಲೆಕಾಯಿ ಕೊಡುತ್ತಾರೆ. ಕಾರ್ಡಿನ ಎರಡು ಸಾಲಿನ ವರ್ಣನೆಯಲ್ಲಿ ಸಿಟ್ರಸ್ ಇದೆ, ಜೇನು ಇದೆ, ಮಳೆ ಬಿದ್ದ ಮಣ್ಣಿನ ವಾಸನೆ ಇದೆ. ರುಚಿಯನ್ನು ಹಸಿವಿನಿಂದ ಬಿಡಿಸಿದರೆ ಅದರ ವಿಮರ್ಶೆ ಹೀಗೆ ಪರಿಮಳದ ಪಟ್ಟಿಯಾಗುತ್ತದೆ. ಸಾಹಿತ್ಯ ವಿಮರ್ಶೆಗೂ ಈ ರೋಗ ತಗುಲಿ ಬಹಳ ದಿನವಾಯಿತು.

ನಾನು ಇಷ್ಟು ಹೊತ್ತು ಮಾತಾಡಿದ ಪಬ್ಬಿನಲ್ಲಿ ಟ್ಯಾಂಕು ತೊಳೆಯುವ ಹುಡುಗರಲ್ಲಿ ಒಬ್ಬ ನನ್ನ ವಿದ್ಯಾರ್ಥಿ. ಬಿಎ ಮುಗಿಸಿ, ಎಲ್ಲೂ ಕೆಲಸ ಸಿಗದೆ ಅಲ್ಲಿ ಸೇರಿದ. ನನಗೆ ಮೇಲಿನ ವಿವರ ಎಲ್ಲ ಹೇಳಿದವನು ಅವನೇ. ರಾಗಿ ಬೀರು ಹೇಗಿದೆಯಪ್ಪಾ ಅಂತ ಕೇಳಿದೆ. "ನಮ್ಮವ್ವ ಹುಳಿ ಬರಿಸ್ತಿದ್ದ ಅಂಬ್ಲಿ ಥರಾನೇ ಐತೆ ಸಾರ್, ಗ್ಯಾಸ್ ಒಂದು ಜಾಸ್ತಿ" ಅಂದ. ಕಾರ್ಡಿನ ಎರಡು ಸಾಲಿಗಿಂತ ಇದು ನಿಖರವಾದ ವಿಮರ್ಶೆ. ಮೂರು ವರ್ಷದಲ್ಲಿ ಅವನಿಗೆ ಟ್ಯಾಂಕಿನ ಹತ್ತಿರ ನಿಂತರೆ ಸಾಕು, ಒಳಗಿನ ಬೀರು ಸರಿದಾರಿಯಲ್ಲಿದೆಯೋ ಕೆಡುತ್ತಿದೆಯೋ ವಾಸನೆಯಲ್ಲೇ ಗೊತ್ತಾಗುತ್ತೆ. ಹೋದ ಸುಗ್ಗಿಯಲ್ಲಿ ಒಂದು ಟ್ಯಾಂಕು ಕೆಡುವುದನ್ನು ಮೊದಲು ಹೇಳಿದ್ದೂ ಅವನಂತೆ. ಬೀರು ಮಾಡುವವನ ಸಹಾಯಕನ ಕೆಲಸ ಖಾಲಿಯಾದಾಗ ಅರ್ಜಿ ಕೊಟ್ಟ. ಏನಂದ್ರು ಅಂದೆ.

"ಎಲ್ಲಿ ಕೋರ್ಸು ಮಾಡಿದೀಯಾ ಅಂತ ಕೇಳಿದ್ರು ಸಾರ್."